ಬೆನ್ನ ಮೇಲಿನ ಗುಂಡಿಗಳು

ನಲ್ಲಿ ತೊಟ್ಟಿಕ್ಕುತ್ತಿದೆ, ಇಷ್ಟು ದಿನವೂ ತೊಟ್ಟಿಕ್ಕುತ್ತಿತ್ತೋ ಏನೋ, ಮನೆಯಲ್ಲಿ ಮಗ್ಗಿ ಹೇಳುವ ದನಿ ಇದ್ದಾಗ ನಲ್ಲಿಯ ಮಾತನ್ನು ಯಾರು ಕೇಳುತ್ತಾರೆ, ಇವಳು ಹಿಟ್ಟಿಗೆ ಅಂಗೈ ಊರಿ ಮುಂದಕ್ಕೆ ತಳ್ಳಿದಳು, ಮಡಿಸಿದಳು, ಮತ್ತೆ ತಳ್ಳಿದಳು, ಬ್ರೆಡ್ಡಿನ ಹಿಟ್ಟು ನಾದುವುದಕ್ಕೆ ಹದಿನೇಳರ ಮಗ್ಗಿಯೇ ಸರಿ ಅಂತ ಕಂಡುಹಿಡಿದವಳು ಚೂಟಿ, ಹದಿನಾರರದ್ದು ಸಲೀಸಾಗಿ ಮುಗಿದುಹೋಗುತ್ತದಮ್ಮ, ಬ್ರೆಡ್ಡು ಇಟ್ಟಿಗೆ ಆಗುತ್ತೆ, ಹದಿನೇಳರಲ್ಲಿ ತಡವರಿಸ್ತೀವಲ್ಲ, ಆ ತಡವರಿಸೋ ಹೊತ್ತಲ್ಲೇ ಹಿಟ್ಟು ಮೆತ್ತಗಾಗೋದು — ಒಂದು ಸಾಲು ಅಮ್ಮ, ಒಂದು ಸಾಲು ಮಗಳು, ಇವತ್ತು ಇವಳೊಬ್ಬಳೇ ಶುರುಮಾಡಿ ಹದಿನೇಳೆರಡಲ ಅಂತ ನಿಂತುಬಿಟ್ಟಳು, ಅದು ಚೂಟಿ ಹೇಳುವ ಸಾಲು, ಎಷ್ಟೋ ವರ್ಷಗಳಿಂದ ಅದು ಚೂಟಿಯದೇ, ಬಾಯಿ ತೆರೆದರೆ ಬೇರೆಯವರ ತಟ್ಟೆಗೆ ಕೈ ಹಾಕಿದಂತೆ, ಬೆಳಿಗ್ಗೆ ಆ ಕುತ್ತಿಗೆ, ಎರಡೂ ಕೈಯಲ್ಲಿ ಕೂದಲನ್ನು ಮೇಲೆತ್ತಿ ಹಿಡಿದು ಬೆನ್ನು ತಿರುಗಿಸಿ ನಿಂತ ಆ ಪುಟ್ಟ ಕುತ್ತಿಗೆ, ಗುಂಡಿ ಹಾಕಮ್ಮ, ಬೇಗ, ಅಪ್ಪ ಹಾರ್ನ್ ಹೊಡೀತಿದಾರೆ. ಇವತ್ತೊಂದು ದಿನ ಕೂತು ನೋಡಲಿ ಅಂದಿದ್ದರು ಆ ಶಾಲೆಯ ದೊಡ್ಡ ಮೇಡಮ್ಮು, ಹಿಡಿಸಿದರೆ ನಾಳೆಯಿಂದ ಬರಲಿ, ಇಲ್ಲವಾದರೆ ನಿಮ್ಮ ಮನೆಯ ಪಾಠ ಇದ್ದೇ ಇದೆಯಲ್ಲ, ಬಲವಂತವೇನಿಲ್ಲ, ಒಳ್ಳೆಯ ಹೆಂಗಸು, ಮಾತಾಡುವಾಗ ಚೂಟಿಯ ಮುಖ ನೋಡಿಯೇ ಮಾತಾಡಿದರು, ಇವಳದ್ದಲ್ಲ. ಹಿಡಿಸದಿರಲಿ ಅಂತ ಹಿಟ್ಟಿಗೆ ಹೇಳಿದಳು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು, ಛೆ, ಯಾವ ತಾಯಿ ಹೀಗೆ ಬೇಡಿಕೊಳ್ಳುತ್ತಾಳೆ.

ಒಂದು ವರ್ಷ ಮನೆಯಲ್ಲೇ ಇರಲಿ ಅಂದಿದ್ದು ಡಾಕ್ಟರು, ಮಗುವಿಗೆ ಉಬ್ಬಸ, ಧೂಳು ಆಗದು, ಉಬ್ಬಸ ಯಾವತ್ತೋ ಹೋಯಿತು, ಆ ವರ್ಷ ಮಾತ್ರ ಮುಗಿಯಲೇ ಇಲ್ಲ, ಕಿಟಕಿಯ ಕೆಳಗಿನ ಬೆಂಚೇ ತರಗತಿ, ಬಟ್ಟೆ ಕತ್ತರಿಸುವುದೇ ರೇಖಾಗಣಿತ, ಬ್ರೆಡ್ಡು ಕತ್ತರಿಸುವುದೇ ಭಿನ್ನರಾಶಿ, ಮುಕ್ಕಾಲು ಭಾಗ ತಿಂದುಬಿಟ್ಟು ಕಾಲು ಭಾಗ ಮಾತ್ರ ತೋರಿಸಿ ಲೆಕ್ಕ ಸರಿಯಾಯ್ತಲ್ಲಮ್ಮ ಅನ್ನುತ್ತಿದ್ದಳು ಕಳ್ಳಿ. ಅತ್ತಿಗೆ ಬಂದಾಗಲೆಲ್ಲ ಅದೇ ರಾಗ, ಮಗು ಸಾಕ್ತಿದ್ದೀಯೋ ಉಪ್ಪಿನಕಾಯಿ ಹಾಕ್ತಿದ್ದೀಯೋ ಮಾರಾಯ್ತಿ, ಜಾಡಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದ ಹಾಗಿದೆ — ನಕ್ಕಿದ್ದಳು ಇವಳು, ಚೂಟಿ ನಗಲಿಲ್ಲ, ರಾತ್ರಿ ಊಟದ ಹೊತ್ತಿಗೆ ಕೇಳಿದಳು, ಅಮ್ಮಾ, ಹಿಂದಿನ ಬೆಂಚು ಅಂತಾರಲ್ಲ, ಅದು ಹೇಗಿರುತ್ತೆ, ನಮ್ಮನೇಲಿ ಇರೋದು ಒಂದೇ ಬೆಂಚು. ಆವತ್ತೇ ಗೊತ್ತಾಗಬೇಕಿತ್ತು. ಈಗ ಬಾಗಿಲು ಬಡಿದ ಸದ್ದಿಗೆ ಹಿಟ್ಟಿನ ಕೈಯಲ್ಲೇ ಓಡಿದಳು, ಬಂದೇಬಿಟ್ಟಳೋ, ಹಿಡಿಸಲಿಲ್ಲವೋ, ಅಲ್ಲ, ಮೊಟ್ಟೆಯವನು, ಏನಮ್ಮಾ ಇವತ್ತು ನಿಮ್ಮ ಸ್ಕೂಲಿಗೆ ರಜಾನಾ, ಬಾಗಿಲಲ್ಲಿ ನಿಂತು ನಾನೂ ನಾಲ್ಕಕ್ಷರ ಕಲೀತಿದ್ದೆ, ನಮ್ಮ ಸ್ಕೂಲೇ ಸ್ಕೂಲಿಗೆ ಹೋಗಿದೆಯಪ್ಪಾ ಅಂದಳು, ಅವನು ಜೋರಾಗಿ ನಕ್ಕು, ಇವಳ ಮುಖ ನೋಡಿ ನಗು ನಿಲ್ಲಿಸಿ, ಮೇಲೊಂದು ಮೊಟ್ಟೆ ಇಟ್ಟ, ಇದು ಪುಟ್ಟಮ್ಮಂಗೆ, ಸುಸ್ತಾಗಿ ಬರ್ತಾಳಲ್ಲ, ಅಂದುಬಿಟ್ಟು ಸೈಕಲ್ಲು ತಳ್ಳಿಕೊಂಡು ಹೋದ. ಕಂದು ಬಣ್ಣದ್ದು, ಇನ್ನೂ ಸ್ವಲ್ಪ ಬೆಚ್ಚಗಿತ್ತು.

ಹೊಲಿಗೆಯಂತ್ರದ ಕೆಳಗೆ ನೀಲಿ ಚೂರುಗಳು ಹಾಗೇ ಬಿದ್ದಿವೆ, ಇವತ್ತಿಗೆಂದೇ ಹೊಲಿದ ಫ್ರಾಕು, ನೀಲಿಯ ಮೇಲೆ ಬಿಳಿ ಚುಕ್ಕಿ, ಗುಂಡಿಗಳಿಗೂ ಅದೇ ಬಟ್ಟೆ ಹೊದಿಸಿ ಬೆನ್ನ ಮೇಲೆ ಸಾಲಾಗಿ — ಬೆನ್ನ ಮೇಲೆ. ಪೊರಕೆ ಹಿಡಿದ ಕೈ ನಿಂತಿತು. ಬೆನ್ನ ಮೇಲೆ. ಚೀಲದಲ್ಲಿ ಆಟದ ಬಟ್ಟೆ ತಾನೇ ಮಡಿಸಿಟ್ಟಿದ್ದಳಲ್ಲ, ಆಟದ ಪೀರಿಯಡ್ಡಿಗೆ ಬದಲಿಸಬೇಕು ಅಂದಿದ್ದರಲ್ಲ, ಬಿಚ್ಚುವುದೇನೋ ಎಳೆದು ಬಿಚ್ಚಿಯಾಳು, ಮತ್ತೆ ಹಾಕಿಕೊಳ್ಳುವಾಗ, ಆ ಎಟುಕದ ಗುಂಡಿಗಳು, ಚೂಟಿಯ ಒಂದು ಫ್ರಾಕಿಗೂ ಮುಂದೆ ಗುಂಡಿಯಿಲ್ಲ, ಯಾಕಿರಬೇಕು, ಕೂದಲೆತ್ತಿ ತಿರುಗಿ ನಿಂತರೆ ಹಿಂದೆ ಯಾವಾಗಲೂ ಅಮ್ಮನ ಕೈ ಇರುತ್ತಿತ್ತು, ಊರಿನ ಯಾವ ಟೈಲರನ್ನು ಕೇಳಿದರೂ ಹೇಳುತ್ತಿದ್ದ, ಶಾಲೆಗೆ ಹೋಗೋ ಹುಡುಗೀಗೆ ಗುಂಡಿ ಮುಂದೆ ಇಡಿಯಮ್ಮಾ ಅಂತ, ಇವಳಿಗೆ ಹೊಳೆಯಲೇ ಇಲ್ಲ, ಹತ್ತು ವರ್ಷದ ಹುಡುಗಿ ಬೆನ್ನು ತೆರೆದುಕೊಂಡು ಅಷ್ಟು ಮಕ್ಕಳ ನಡುವೆ. ಫೋನು, ರೀ, ಶಾಲೆಗೊಂದು ಫೋನು ಮಾಡಿ, ಅವಳ ಗುಂಡಿ, ಯಾವ ಗುಂಡಿಯೇ, ನಾನು ಆಫೀಸಲ್ಲಿದ್ದೀನಿ, ಒಂದು ಗುಂಡಿಗೋಸ್ಕರ ಆ ದೊಡ್ಡ ಮೇಡಮ್ಮಿಗೆ ಫೋನ್ ಮಾಡ್ಲಾ, ಏನಂತ ಹೇಳ್ಲಿ, ಸುಮ್ನಿರು, ಅವಳು ನೋಡ್ಕೋತಾಳೆ, ಆಮೇಲೆ ದನಿ ತಗ್ಗಿಸಿ, ಊಟ ಮಾಡಿದ್ಯಾ ನೀನು. ಇಲ್ಲ. ಒಬ್ಬಳಿಗೇ ಬಡಿಸಿಕೊಳ್ಳುವುದು ಹೇಗೆ ಅಂತಲೇ ಮರೆತುಹೋಗಿದೆ, ಬ್ರೆಡ್ಡು ಬೆಂದಿತು, ಘಮ ಮನೆಯೆಲ್ಲ ಓಡಾಡಿತು, ಯಾರೂ ಓಡಿ ಬರಲಿಲ್ಲ, ಅಲ್ಲಿ ಅತ್ತರೆ ಮನೆಗೇ ಬರುತ್ತಾಳೆ, ಅವಮಾನವಾದರೆ ಇನ್ನು ಹೋಗುವುದಿಲ್ಲ ಅನ್ನುತ್ತಾಳೆ, ನಾಳೆ ಮತ್ತೆ ಹದಿನೇಳೆರಡಲ — ಥೂ, ಅಳದಿರಲಿ ನನ್ನ ಕಂದ, ಯಾರಾದರೂ, ಯಾರಾದರೂ ಇರಲಿ.

ಗೇಟು, ಚಪ್ಪಲಿ ಎಸೆದ ಸದ್ದು, ಅಮ್ಮಾ ಹಸಿವು, ಅಮ್ಮಾ ಅಲ್ಲಿ ಗಂಟೆ ಹೊಡೆದ್ರೆ ಎಲ್ಲರೂ ಒಟ್ಟಿಗೆ ಕೂಗ್ತಾರೆ, ನಾನೂ ಕೂಗ್ದೆ, ಅಮ್ಮಾ ಹಿಂದಿನ ಬೆಂಚು ಅಂದ್ರೆ ಏನಿಲ್ಲ, ಇಂಥದ್ದೇ, ತಿರುಗು ಅಂದಳು ಇವಳು, ಹೆಗಲು ಹಿಡಿದು ತಿರುಗಿಸಿದಳು, ಗುಂಡಿಗಳೆಲ್ಲ ಹಾಕಿವೆ, ಎಲ್ಲವೂ ನೆಟ್ಟಗೆ, ಬೆಳಿಗ್ಗೆ ಇವಳ ಬೆರಳಿಗೇ ಸಿಗದೆ ಜಾರಿದ್ದ ಮೇಲಿನ ಗುಂಡಿ ಕೂಡ. ಯಾರು ಹಾಕಿದ್ದು. ಅದಾ, ಎಲ್ಲರೂ ಬಟ್ಟೆ ಬದಲಿಸಿ ಹೊರಟುಹೋದ್ರಮ್ಮ, ನಂಗೆ ಕೈ ಎಟುಕ್ಲಿಲ್ಲ, ಅಳು ಬಂತು, ಗೋಡೆಗೆ ಬೆನ್ನು ಒತ್ತಿ ನಿಂತ್ಕೊಂಡೆ, ಒಬ್ಬಳು ವಾಪಸ್ಸು ಬಂದ್ಲು, ತಿರುಗು ಅಂದ್ಲು, ತಿರುಗಿದೆ, ಕೈ ಎಷ್ಟು ತಣ್ಣಗಿತ್ತು ಗೊತ್ತಾ, ಕಚಗುಳಿ. ಹೆಸರೇನಂತೆ. ಅಯ್ಯೋ ಕೇಳಲೇ ಇಲ್ಲ, ನಾಳೆ ಕೇಳ್ತೀನಿ. ನಾಳೆ. ಇವಳು ಬ್ರೆಡ್ಡಿನ ಕಡೆ ನೋಡಿದಳು, ಗೋಡೆಯ ಕಡೆ ನೋಡಿದಳು, ಇವತ್ತು ರಾತ್ರಿಯೇ ಕೂತು ಇದಕ್ಕೆ ಮುಂದೆ ಗುಂಡಿ ಇಟ್ಟುಕೊಡ್ತೀನಿ ಕಣೇ, ನೀನೇ ಹಾಕ್ಕೋಬಹುದು, ಬಾಯ್ತುಂಬ ಬ್ರೆಡ್ಡು ತುಂಬಿಕೊಂಡು ಚೂಟಿ ಅಂದಳು, ಬೇಡ ಬಿಡಮ್ಮ, ಅವಳು ಹಾಕ್ತಾಳೆ. ನಲ್ಲಿ ತೊಟ್ಟಿಕ್ಕಿತು. ಒಳ್ಳೆಯ ಹುಡುಗಿ, ವಾಪಸ್ಸು ಬಂದಳಲ್ಲ, ಯಾರ ಮಗಳೋ, ಹೊಟ್ಟೆ ತಣ್ಣಗಿರಲಿ, ಒಂದು ಬ್ರೆಡ್ಡು ಕಟ್ಟಿಕೊಡಬೇಕು ಆ ಹುಡುಗಿಗೆ, ಇವಳು ಗುಂಡಿ ಬಿಚ್ಚಲು ಕೈ ಚಾಚಿದಳು, ಆದರೆ ಕಾಣುತ್ತಿರುವುದು ಈ ಅಡುಗೆಮನೆಯಲ್ಲ, ಎಲ್ಲೋ ಒಂದು ಖಾಲಿ ಕೋಣೆ, ಗೋಡೆ, ಯಾರೋ ತಿರುಗು ಅಂದದ್ದೇ ತಡ ಎರಡೂ ಕೈಯಲ್ಲಿ ಕೂದಲನ್ನು ಮೇಲೆತ್ತಿ ಹಿಡಿದು, ತಲೆ ಬಗ್ಗಿಸಿ, ನಂಬಿ ನಿಂತ ಆ ಕುತ್ತಿಗೆ, ಆ ಪುಟ್ಟ ಕುತ್ತಿಗೆ.