ಮಾಳಿಂಗರಾಯ ಆಡದೆ ಬಿಟ್ಟ ಮಾತು

ಸಿಕ್ಕಿಮ್‌ನ ಕಡಿದಾದ ರಸ್ತೆಯಲ್ಲಿ ಫೌಜಿನ ಲಾರಿ ಉರುಳಿಬಿದ್ದು ಮಾಳಿಂಗರಾಯನ ಬೆನ್ನುಹುರಿ ಮುರಿದು ಮೂರು ವರ್ಷವಾಗಿತ್ತು. ಸೊಂಟದಿಂದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಂಡು, ಪಿಂಚಣಿ ಮಾಡಿ, ಗಾಲಿಕುರ್ಚಿ ಕೊಟ್ಟು ಅವನನ್ನು ಅವನ ಊರು ಗುಡಗೇರಿಗೆ ಕಳಿಸಿದ್ದರು.

ಬಂದ ಹೊಸದರಲ್ಲಿ ಓಣಿಯವರೆಲ್ಲ ನೋಡಲು ಬಂದರು. ಒಂದು ದಿನ ಹತ್ತು ಜನರ ನಡುವೆ ಕುಳಿತಿದ್ದಾಗಲೇ ಅವನ ಪ್ಯಾಂಟು ತೊಯ್ದು, ಕುರ್ಚಿಯ ಕೆಳಗೆ ಹನಿಯತೊಡಗಿತು. ಒಬ್ಬೊಬ್ಬರಾಗಿ ಎದ್ದು ಹೋದರು. ಅಂದು ಒಳಕೋಣೆ ಸೇರಿದವನು ಮತ್ತೆ ಹೊರಗೆ ಬರಲಿಲ್ಲ. ನೀರು ಕುಡಿದರಲ್ಲವೇ ಈ ಫಜೀತಿ ಎಂದು ದಿನಕ್ಕೆ ಎರಡೇ ಲೋಟ ಕುಡಿಯುತ್ತಿದ್ದ. ತಿಂಗಳಿಗೊಮ್ಮೆ ಚಳಿಜ್ವರ ಬರುತ್ತಿತ್ತು. ತಾಯಿ ದೇವಕ್ಕ ಹಾಸಿಗೆ ಒಗೆಯುವಳು. ಬಾಜು ಮನೆಯ ಸೋದರಮಾವ ಗೂಳಪ್ಪ ಇವರ ಕುರಿಗಳನ್ನು ಕಾಯುತ್ತ, ಮುಂಜಾನೆ ಸಂಜೆ ಬಂದು ಅಳಿಯನನ್ನು ಎತ್ತಿ ಕೂಡಿಸಿ ಹೋಗುವನು.

ಮಾಜಿ ಸೈನಿಕರ ಸಂಘದವರಿಂದ ವಿಳಾಸ ತಿಳಿದು ಅಣ್ಣಿಗೇರಿಯಿಂದ ಸಿದ್ಧಲಿಂಗ ಬಂದದ್ದು ಆಗ. ಅವನು ನಿವೃತ್ತ ಹವಾಲ್ದಾರ, ಮಾಳಿಂಗರಾಯನಿಗಿಂತ ಹತ್ತು ವರ್ಷ ದೊಡ್ಡವನು. ಬಂಕರ್ ಕುಸಿದು ಅವನ ಬೆನ್ನೂ ಮುರಿದಿತ್ತು. ಮೂರು ಗಾಲಿಯ ಸ್ಕೂಟರಿನ ಹಿಂದೆ ಮಡಚುವ ಕುರ್ಚಿ ಕಟ್ಟಿಕೊಂಡು ಒಬ್ಬನೇ ಬಂದಿದ್ದ.

ಒಳಗಿನಿಂದ ಮಾಳಿಂಗರಾಯ, "ಇವತ್ತ ಬ್ಯಾಡ್ರಿ, ಕೋಣ್ಯಾಗ ವಾಸನಿ ಐತಿ" ಎಂದ.

"ಇರ್ಲಿ ಬಿಡು. ನನ್ನ ಮನ್ಯಾಗೂ ವರ್ಷಗಟ್ಲೆ ಇತ್ತು" ಎಂದು ಸಿದ್ಧಲಿಂಗ ಕುರ್ಚಿ ಉರುಳಿಸಿಕೊಂಡು ಒಳಗೇ ಬಂದುಬಿಟ್ಟ. "ದಿನಕ್ಕ ಎಷ್ಟು ನೀರು ಕುಡೀತಿ?"

ಮಾಳಿಂಗರಾಯ ಹೇಳಿದ.

"ಹಿಂಗ ಕುಡದ್ರ ಕಿಡ್ನಿ ಹೋಗ್ತಾವಲೇ. ಬಾಗಿಲಾ ಹಾಕಂತ ಹೇಳು ನಿಮ್ಮವ್ವಗ. ತೋರಸ್ತೇನಿ."

ನಾಲ್ಕು ತಾಸಿಗೊಮ್ಮೆ ಸಣ್ಣ ಪೈಪು ಹಾಕಿ ಮೂತ್ರ ತೆಗೆಯುವುದನ್ನು ಆಸ್ಪತ್ರೆಯಲ್ಲಿ ಕಲಿಸಿದ್ದರು. ಮನೆಗೆ ಬಂದಮೇಲೆ ನಾಚಿಕೆಯಿಂದ, ಬೇಸರದಿಂದ ಅವನು ಬಿಟ್ಟುಬಿಟ್ಟಿದ್ದ. ಸಿದ್ಧಲಿಂಗ ಕೈ ತೊಳೆದು, ಮೊದಲು ತನ್ನದನ್ನೇ ಮಾಡಿ ತೋರಿಸಿದ. ಆಮೇಲೆ ಮಾಳಿಂಗರಾಯನ ಕೈ ಹಿಡಿದು ಮಾಡಿಸಿದ. ಚೆಲ್ಲಿದ್ದನ್ನು ತಾನೇ ಬಗ್ಗಿ ಒರೆಸಿದ.

ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ರವಿವಾರ ಬರತೊಡಗಿದ. ಮಂಚದಿಂದ ಕುರ್ಚಿಗೆ ಹಲಗೆಯ ಮೇಲೆ ಜಾರಿ ಇಳಿಯುವುದನ್ನು ಕಲಿಸಿದ. ಕುಂತಲ್ಲೇ ಕುಂತರೆ ಹುಣ್ಣಾಗುತ್ತದೆಂದು, ಹೊತ್ತುಹೊತ್ತಿಗೆ ಕೈಯೂರಿ ಮೈ ಎತ್ತುವ ರೂಢಿ ಮಾಡಿಸಿದ. ಜ್ವರ ನಿಂತಿತು. ನಾಲ್ಕನೆಯ ತಿಂಗಳು ಮಾಳಿಂಗರಾಯ ತಾನೇ ಕುರ್ಚಿ ನೂಕಿಕೊಂಡು ಕುರಿಹಟ್ಟಿಯವರೆಗೆ ಹೋಗಿ ಬಂದ. ಫೌಜಿನ ರೂಢಿಯಂತೆ ಸಿದ್ಧಲಿಂಗನನ್ನು 'ಉಸ್ತಾದ್' ಎಂದೇ ಕರೆಯುತ್ತಿದ್ದ. ಉಸ್ತಾದ್ ಬಂದ ದಿನ ಇಬ್ಬರಿಗೂ ದೇವಕ್ಕ ಪಡಸಾಲೆಯಲ್ಲಿ ಬಿಸಿರೊಟ್ಟಿ, ಪಲ್ಯ ಬಡಿಸುತ್ತಿದ್ದಳು.

ಒಂದು ರವಿವಾರ ಗೂಳಪ್ಪ ಎಲೆ ಅಡಿಕೆ ಮೆಲ್ಲುತ್ತ ಕೇಳಿದ, "ಅಣ್ಣಿಗೇರ್ಯಾಗ ಯಾವ ಓಣಿ ಆತ್ರಿ ನಿಮ್ದು?"

"ಅಂಬೇಡ್ಕರ್ ಓಣಿರಿ. ನಾವು ಬುದ್ಧಗ ನಡಕೋತೀವಿ" ಎಂದ ಸಿದ್ಧಲಿಂಗ. ಗೂಳಪ್ಪ "ಹಾಂ" ಎಂದು ಬಾಯೊಳಗಿನ ಎಲೆ ಅಡಿಕೆ ಉಗಿಯಲು ಎದ್ದ.

ಮುಂದಿನ ಸಲ ಸಿದ್ಧಲಿಂಗ ಬಂದಾಗ ಹೊರಗಿನ ಕಟ್ಟೆಯ ಹತ್ತಿರ ಚಾಪೆ ಹಾಸಿತ್ತು. ದೇವಕ್ಕ ತಲೆ ತಗ್ಗಿಸಿಕೊಂಡು ಚಹಾ ತಂದಳು. ಮಗನಿಗೆ ಸ್ಟೀಲಿನ ಲೋಟ. ಸಿದ್ಧಲಿಂಗನಿಗೆ ಜಾತ್ರೆಯಲ್ಲಿ ಕೊಡುವಂಥ ಕಾಗದದ ಕಪ್ಪು. ಗೂಳಪ್ಪ ಬಾಗಿಲಲ್ಲಿ ನಿಂತಿದ್ದ.

ಸಿದ್ಧಲಿಂಗ ಕಪ್ಪನ್ನು ನೋಡಿದ. ಆಮೇಲೆ ಮಾಳಿಂಗರಾಯನನ್ನು ನೋಡಿದ. ಸಿಟ್ಟಿನಿಂದ ನೋಡಲಿಲ್ಲ, ಮಾತಿಗೆ ಕಾಯುವವನಂತೆ ನೋಡಿದ. ಮಾಳಿಂಗರಾಯನ ಬಾಯಿಗೆ ಮಾತು ಬಂತು. ಮುಂಜಾನೆ ಸಂಜೆ ತನ್ನನ್ನು ಎತ್ತುವ ಮಾವನ ತೋಳುಗಳು ಕಣ್ಣಿಗೆ ಬಿದ್ದವು. ಲೋಟ ಎತ್ತಿ ಚಹಾ ಕುಡಿದ.

ಸಿದ್ಧಲಿಂಗನೂ ಕುಡಿದ. ಎಂದಿನಂತೆ ಹುಣ್ಣು, ಔಷಧ, ಕುರ್ಚಿಯ ಗಾದಿ ಎಂದೆಲ್ಲ ಮಾತಾಡಿ, ಖಾಲಿ ಕಪ್ಪನ್ನು ಮಡಚಿ ತನ್ನ ಚೀಲದಲ್ಲಿ ಹಾಕಿಕೊಂಡು ಹೋದ.

ಆಮೇಲೂ ಅವನು ಬಂದ, ಎರಡು ಸಲ. ಬರುವಾಗ ನೀರಿನ ಬಾಟಲಿ ತನ್ನದೇ ತರುತ್ತಿದ್ದ. ಊಟದ ಮಾತು ಬಂದರೆ "ದಾರ್ಯಾಗ ಆತು" ಎನ್ನುತ್ತಿದ್ದ. ಮಾಳಿಂಗರಾಯ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ತಾಟು ಸರಿಸುತ್ತಿದ್ದ. ಪಲ್ಟಣದಲ್ಲಿ ಒಂದೇ ತಾಟಿನಲ್ಲಿ ನಾಲ್ವರು ಕೈ ಹಾಕಿ ಉಂಡವನು ತಾನು. ಮಾವ ಮೂಗು ಮುಚ್ಚಿಕೊಂಡು ಎತ್ತುತ್ತಿದ್ದ ಈ ಮೈಯನ್ನು ಮುಖ ಸಿಂಡರಿಸದೆ ಮುಟ್ಟಿದವನು ಇವನೊಬ್ಬನೇ. ಹಂಗಿನಲ್ಲಿರುವವನು ಹೇಗೆ ಬಾಯಿ ತೆರೆಯಲಿ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೆಂದೂ ಗೊತ್ತಿತ್ತು. ಹಲಗೆಯ ಮೇಲೆ ತಾನೇ ಜಾರಿ ಇಳಿಯುವುದನ್ನು ಉಸ್ತಾದ್ ಕಲಿಸಿ ಆಗಲೇ ಎಷ್ಟೋ ತಿಂಗಳಾಗಿತ್ತಲ್ಲ. ಬರೀ ರೂಢಿಯಿಂದ ಮಾವನ ಕೈಲಿ ಎತ್ತಿಸಿಕೊಳ್ಳುತ್ತಿದ್ದ.

ಆಮೇಲಿನ ರವಿವಾರ ಸಿದ್ಧಲಿಂಗ ಬರಲಿಲ್ಲ. ಮಾಳಿಂಗರಾಯ ಫೋನು ಹಚ್ಚಿದಾಗ ಅವನ ಹೆಂಡತಿ ಮಾದೇವಿ ಎತ್ತಿದಳು.

"ಅಣ್ಣಾರ, ಅವ್ರು ಬೋರಲ ಮಲಗ್ಯಾರ್ರಿ. ಕುಂಡಿಗೆ ದೊಡ್ಡ ಹುಣ್ಣಾಗೇತಿ. ಅಷ್ಟು ದೂರ ಸ್ಕೂಟರ್ ಮ್ಯಾಲೆ ಕುಂತು ಹೋಗಬ್ಯಾಡ್ರಿ ಅಂತ ಡಾಕ್ಟರ್ ಮದ್ಲ ಹೇಳಿದ್ರು. ಕೇಳಲಿಲ್ಲ."

ಮಾಳಿಂಗರಾಯ ಮರುದಿನವೇ ಓಣಿಯ ಹೊಳೆಪ್ಪನ ಟಂಟಂ ರಿಕ್ಷಾ ಹೇಳಿ ಅಣ್ಣಿಗೇರಿಗೆ ಹೊರಟ. ಅಷ್ಟು ದೂರ ಹೋದದ್ದು ಊರಿಗೆ ಬಂದಮೇಲೆ ಅದೇ ಮೊದಲು.

ಎರಡೇ ಕೋಣೆಯ ಮನೆ. ಸಿದ್ಧಲಿಂಗ ಮಂಚದ ಮೇಲೆ ಬೋರಲಾಗಿ ಮಲಗಿದ್ದ. ಮಾದೇವಿ ಏನನ್ನೂ ಕೇಳದೆ ಬಿಸಿನೀರು, ಸಾಬೂನು ತಂದಿಟ್ಟು, "ದಾರಿ ದೂರ ಆತು. ಮದ್ಲ ನಿಮ್ದು ಪೈಪಿನ ಕೆಲಸ ಮುಗಿಸ್ಕೋರಿ" ಎಂದು ಪರದೆ ಎಳೆದು ಹೊರಗೆ ಹೋದಳು. ಆಮೇಲೆ ತಾವು ಉಣ್ಣುವ ತಾಟಿನಲ್ಲೇ ರೊಟ್ಟಿ ಹಾಕಿಕೊಟ್ಟಳು. ಮಾಳಿಂಗರಾಯ ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡ.

"ಉಸ್ತಾದ್, ಅವತ್ತ ನಾ ಮಾತಾಡಬೇಕಿತ್ತು."

"ಹೌದು" ಎಂದ ಸಿದ್ಧಲಿಂಗ.

"ತಪ್ಪಾತು."

ಸಿದ್ಧಲಿಂಗ ಮೊಣಕೈಯೂರಿ ತುಸು ಎದ್ದ. "ಇಂಥಾ ಬ್ಯಾರೆ ಕಪ್ಪು ನಾ ಸಣ್ಣಾವಿದ್ದಾಗಿಂದ ನೋಡೇನಿ, ತಮ್ಮಾ. ನಿಮ್ಮ ಮಾವನಂಥಾರ್ನೂ ನೋಡೇನಿ. ನೀ ಫೌಜಿ ಅಂತ ನಿನ್ನ ಮಾರಿ ನೋಡಿದೆ. ಈಗ ನನ್ನ ಮುಂದ ಹೇಳಾಕ ಇಲ್ಲೀತನಕ ಬಂದಿ. ಮನ್ಯಾಗ ಹೇಳಿಯೇನು?"

ಮಾಳಿಂಗರಾಯ ಇಲ್ಲವೆಂದು ತಲೆಯಾಡಿಸಿದ.

"ಉಣ್ಣು. ರೊಟ್ಟಿ ಆರ್ತೈತಿ."

ಅಂದು ಸಂಜೆಯೇ ಅವನು ತಾಯಿಯನ್ನೂ ಮಾವನನ್ನೂ ಕರೆದು, ಉಸ್ತಾದ್‌ಗೆ ಬೇರೆ ಕಪ್ಪು ಕೊಟ್ಟದ್ದು ತಪ್ಪು ಎಂದು ಹೇಳಿದ. ಗೂಳಪ್ಪ, "ಊರಾಗ ನಾವು ಬಾಳೇವು ಮಾಡಬೇಕಲೇ" ಎಂದು ಎದ್ದು ಹೋದ. ದೇವಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗೂ ಚಲೋ ಅನಸಲಿಲ್ಲಪಾ."

"ಅನಸಲಿಲ್ಲ ಅಂದ್ರ ಯಾಕ ಕೊಟ್ಟಿ ಬೇ?"

"ನೀನೂ ಅಲ್ಲೇ ಕುಂತಿದ್ದೆಲ್ಲೋ" ಎಂದಳು ದೇವಕ್ಕ.



ಗೂಳಪ್ಪ ಮರುದಿನದಿಂದ ಎತ್ತಲು ಬರಲಿಲ್ಲ. ಮಾಳಿಂಗರಾಯ ತಾನೇ ಮಂಚ ಇಳಿದ; ಒಮ್ಮೆ ಬಿದ್ದ, ಮತ್ತೆ ಹತ್ತಿದ. ಹದಿನೈದು ದಿನಕ್ಕೊಮ್ಮೆ ಅಣ್ಣಿಗೇರಿಗೆ ಅವನೇ ಹೋಗತೊಡಗಿದ. ದೇವಕ್ಕ ಶೇಂಗಾ ಚಟ್ನಿ ಕಟ್ಟಿಕೊಡುವಳು, ತಾನು ಬರಲು ಒಲ್ಲಳು.

"ಹುಣ್ಣು ಮಾಯ್ದ ಮ್ಯಾಲೆ ಗುಡಗೇರಿಗೆ ಬರ್ತೀರಿಲ್ಲೋ?" ಎಂದು ಒಮ್ಮೆ ಮಾಳಿಂಗರಾಯ ಕೇಳಿದ.

"ನೋಡೂಣು" ಎಂದ ಸಿದ್ಧಲಿಂಗ. ಆ ಮಾತು ಅಲ್ಲಿಗೇ ನಿಂತಿತು.

ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಹೋದಾಗಲೆಲ್ಲ ಮಾಳಿಂಗರಾಯ ಬ್ಯಾಂಡೇಜು ಬಿಚ್ಚಿ, ಗಾಯ ತೊಳೆದು, ಎಷ್ಟು ಕಿರಿದಾಗಿದೆಯೆಂದು ಹೇಳುತ್ತಿದ್ದ. ಅಂದು ಮಾತಿಗೆ ಕಾದು ತನ್ನ ಮುಖ ನೋಡಿದ್ದ ಉಸ್ತಾದ್‌ಗೆ, ಬೋರಲಾಗಿ ಮಲಗಿದ್ದರಿಂದ ಈಗ ಆ ಮುಖ ಕಾಣುವುದಿಲ್ಲವೆಂದು ಮಾಳಿಂಗರಾಯನಿಗೆ ಆ ಹೊತ್ತಿಗೆ ಸಮಾಧಾನವಾಗುತ್ತಿತ್ತು.