ಚನ್ನೇಶ ಕೂರಿಸಿ ಹೋದದ್ದು

ಶಿಗ್ಗಾಂವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಸವೇಶನ ಇಂಟರ್ನೆಟ್ ಕಚೇರಿ. ಸವಣೂರು, ಹಾನಗಲ್, ಹಿರೇಕೆರೂರು ಕಡೆಯ ಮನೆಗಳಿಗೆಲ್ಲ ಲೈನ್ ಹೋಗುವುದು ಅಲ್ಲಿಂದಲೇ. ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಚನ್ನೇಶ ತಡಸದ ಹತ್ತಿರ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಆ ಜಾಗಕ್ಕೆ ಪದ್ಮಜಾ ಬಂದಳು. ಅವಳು ಅವನನ್ನು ನೋಡಿದವಳೇ ಅಲ್ಲ. ಆದರೂ ಸೇರಿದ ದಿನದಿಂದ ಎಲ್ಲಿ ಕೈಯಿಟ್ಟರೂ ಅವನೇ ಸಿಗುತ್ತಿದ್ದ. ಕೇಬಲ್ಲಿಗೆ ಅಂಟಿಸಿದ ಚೀಟಿಗಳಲ್ಲಿ ಅವನ ಓರೆ ಅಕ್ಷರ. ಯಾವ ಪಾಸ್‌ವರ್ಡ್ ತೆಗೆದರೂ ಅವನು ಸಾಕಿದ್ದ ಹೋರಿಯ ಹೆಸರು.

ಈ ಬೇಸಿಗೆಯಲ್ಲಿ ಎಲ್ಲಿಂದಲೋ ಯಾರೋ ಆ ಲೈನಿನ ಮೇಲೆ ಕಸ ಸುರಿಯತೊಡಗಿದರು. ನಾವು ಫೋನಿನಲ್ಲಿ ನೋಡುವುದು, ಆಡುವುದು ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಓಡಾಡುತ್ತದೆ. ಬಂದು ಬೀಳುತ್ತಿದ್ದವು ಬರೀ ಪೊಳ್ಳು ಪ್ಯಾಕೆಟ್ಟುಗಳು. ಹಿರೇಕೆರೂರಿನವರೆಗೂ ಲೈನ್ ತೆವಳಿತು. ಗಿರಾಕಿಗಳು ಬಸವೇಶನನ್ನು ಬೈದರು, ಬಸವೇಶ ಪದ್ಮಜಾಳ ಮುಖ ನೋಡಿದ. ಅವಳು ಕಸವನ್ನು ಬಾಗಿಲಲ್ಲೇ ಗುರುತಿಸಿ ಎಸೆಯುವ ಒಂದು ಪ್ರೋಗ್ರಾಂ ಬರೆದು, ಅದನ್ನು ಮುಖ್ಯ ಯಂತ್ರಕ್ಕೆ ಲೈನ್ ಒಳಬರುವ ಕಿಂಡಿಯಲ್ಲಿ, ಅಂದರೆ ಪೋರ್ಟಿನಲ್ಲಿ, ಕೂರಿಸಲು ಹೋದಳು. ಯಂತ್ರ ಒಪ್ಪಲಿಲ್ಲ. ಅಲ್ಲಿ ಒಂದೇ ಪ್ರೋಗ್ರಾಮಿಗೆ ಜಾಗ, ಮತ್ತು ಆ ಜಾಗದಲ್ಲಿ ಚನ್ನೇಶನದೊಂದು ಆಗಲೇ ಕೂತಿತ್ತು.

ಅದು ಏನು ಮಾಡುತ್ತದೆಂದು ಅವನು ಎಲ್ಲೂ ಬರೆದಿಟ್ಟಿರಲಿಲ್ಲ. ಬಸವೇಶನಿಗೂ ಗೊತ್ತಿರಲಿಲ್ಲ. ಕಿತ್ತು ಹಾಕಿ ಎಂದ. ಪದ್ಮಜಾ ಅದನ್ನು ಎಬ್ಬಿಸಿ ತನ್ನದನ್ನು ಕೂರಿಸಿದಳು. ಊಟದ ಹೊತ್ತಿಗೆ ಎಲ್ಲ ಊರುಗಳ ಲೈನೂ ಸರಿಯಾಯಿತು.

ಮಾರನೆಯ ದಿನ ಸವಣೂರಿನ ಬಸ್ಸಿನಲ್ಲಿ ಒಬ್ಬ ಹೆಂಗಸು ಬಂದಳು. ಸೆರಗಿನ ತುದಿ, ಉಗುರಿನ ಸಂದು ಎಲ್ಲ ಖಾರದ ಪುಡಿಯಿಂದ ಕೆಂಪಾಗಿತ್ತು. ಚನ್ನೇಶನ ಹೆಂಡತಿ ಶ್ವೇತಾ ಎಂದು ಹೇಳಿಕೊಂಡು, ನೀರು ಕೊಟ್ಟರೂ ಕುಡಿಯದೆ ಕೇಳಿದಳು.

"ನಿನ್ನೆ ಮಧ್ಯಾಹ್ನ ನಮ್ಮವರು ಹೊಂಟು ಹ್ವಾದ್ರು. ನೀವೇನರ ಮಾಡಿದ್ರೇನ್ರಿ?"

ಪದ್ಮಜಾ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. ಬಸವೇಶ ತಲೆ ತಗ್ಗಿಸಿದ.

ಆಮೇಲೆ ಶ್ವೇತಾ ನಿಧಾನವಾಗಿ ಹೇಳಿದಳು. ಸವಣೂರಿನಲ್ಲಿ ಅವಳದು ಖಾರ ಕುಟ್ಟುವ ಗಿರಣಿ. ಅದರ ಸದ್ದಿಗೆ ಫೋನ್ ಕೇಳಿಸುವುದಿಲ್ಲ. ಅದಕ್ಕೆಂದು ಚನ್ನೇಶ ಒಂದು ಸಣ್ಣ ಡಬ್ಬಿ ಮಾಡಿ ಗೋಡೆಗೆ ಹಾಕಿಕೊಟ್ಟಿದ್ದ. ಡಬ್ಬಿ ಆಗಾಗ ಲೈನಿನಲ್ಲೇ ಒಂದು ಪ್ಯಾಕೆಟ್ ಕಳಿಸಿ ಕಚೇರಿಯ ಯಂತ್ರವನ್ನು ಕೂಗಿ ಕೇಳುತ್ತಿತ್ತು, ಅಲ್ಲಿಂದ ಉತ್ತರ ಬಂದರೆ ಹಸಿರು ದೀಪ ಮಿನುಗುತ್ತಿತ್ತು. ದೀಪ ಕಂಡರೆ ನಾನು ಅದೀನಿ ಅಂತ ತಿಳಿ ಎಂದಿದ್ದನಂತೆ. ಅವನನ್ನು ಮಣ್ಣು ಮಾಡಿ ಬಂದು ಗಿರಣಿಯ ಬಾಗಿಲು ತೆಗೆದಾಗಲೂ ದೀಪ ಮಿನುಗುತ್ತಲೇ ಇತ್ತು.

ಅದು ಅವರಲ್ಲ, ಅವರು ಬರೆದಿಟ್ಟ ಪ್ರೋಗ್ರಾಂ ಉತ್ತರ ಕೊಡುತ್ತಿತ್ತು ಎಂದು ಪದ್ಮಜಾ ಮೆಲ್ಲಗೆ ತಿಳಿಸಿದಳು.

"ಗೊತ್ತೈತ್ರಿ ಮೇಡಂ. ನನಗೇನು ತಲಿ ಕೆಟ್ಟಿಲ್ಲ," ಅಂದಳು ಶ್ವೇತಾ. "ಆದ್ರ ಕೂಗಿದ್ರ ಓ ಅನ್ನೋರು ಅದೊಂದಾ ಇತ್ರಿ."

ಅವಳು ಹೋದ ಮೇಲೆ ಬಸವೇಶ ಅದನ್ನು ಮತ್ತೆ ಕೂರಿಸುವುದು ಬೇಡವೆಂದ. ಸತ್ತವನ ಪ್ರೋಗ್ರಾಂ, ಒಳಗೇನಿದೆಯೋ ಯಾರಿಗೆ ಗೊತ್ತು ಎಂಬುದು ಅವನ ಮಾತು. ತನ್ನ ಕೈಯಾರೆ ಎಬ್ಬಿಸಿದ್ದನ್ನು ನೆನೆದರೆ ಪದ್ಮಜಾಳಿಗೆ ಊಟ ಸೇರಲಿಲ್ಲ. ಹುಡುಕಿದಾಗ ಒಂದು ದಾರಿ ಸಿಕ್ಕಿತು. ಪೋರ್ಟಿನ ಆ ಒಂದೇ ಜಾಗದಲ್ಲಿ ಮೇಸ್ತ್ರಿಯಂಥ ಒಂದು ಪುಟ್ಟ ಪ್ರೋಗ್ರಾಮನ್ನು ಕೂರಿಸಬೇಕು. ಅದು ಉಳಿದವನ್ನು ಸಾಲಾಗಿ ನಿಲ್ಲಿಸಿಕೊಂಡು, ಬಂದ ಪ್ಯಾಕೆಟ್ಟನ್ನು ಒಂದೊಂದರ ಕೈಗೂ ಕೊಡುತ್ತ ಹೋಗುತ್ತದೆ. ಹಾಗೆ ಎರಡನ್ನೂ ನಿಲ್ಲಿಸಿದಳು. ಮುಂದೆ ತನ್ನದು, ಹಿಂದೆ ಚನ್ನೇಶನದು. ಶ್ವೇತಾಳಿಗೆ ಫೋನ್ ಮಾಡಿದರೆ ದೀಪ ಬಂದಿಲ್ಲ ಎಂದಳು.

ಯಾಕೆಂದು ಪದ್ಮಜಾ ಒಳಹೊಕ್ಕು ನೋಡಿದಳು. ಸವಣೂರಿನ ಆ ಡಬ್ಬಿಯ ಕೂಗು ಬೇರೆ ಯಾವುದರ ಹಾಗೂ ಇರಲಿಲ್ಲ, ಚನ್ನೇಶ ತಾನೇ ಹೊಸೆದ ರೀತಿ. ಅದನ್ನು ಪದ್ಮಜಾಳ ಪ್ರೋಗ್ರಾಂ ಕಸವೆಂದು ತಿಳಿದು ಬಾಗಿಲಲ್ಲೇ ಎಸೆಯುತ್ತಿತ್ತು. ಸಾಲನ್ನು ತಿರುವಿ ಹಾಕಿದಳು. ಮೊದಲು ಅವನದು: ಹೆಂಡತಿಯ ಕೂಗಾದರೆ ಉತ್ತರಿಸಲಿ, ಉಳಿದದ್ದನ್ನು ಹಿಂದಕ್ಕೆ ದಾಟಿಸಲಿ.

ಸ್ವಲ್ಪ ಹೊತ್ತಿಗೆ ಶ್ವೇತಾ ಗಿರಣಿ ನಿಲ್ಲಿಸಿ ಫೋನ್ ಮಾಡಿದಳು.

"ಬಂದ್ರು ನೋಡ್ರಿ," ಅಂದಳು ಶ್ವೇತಾ.

ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ಶ್ವೇತಾಳೇ ಫೋನ್ ಮಾಡಿದಳು. ಗಿರಣಿಗೆ ಸುಣ್ಣ ಹೊಡೆಸುವಾಗ ಡಬ್ಬಿಯನ್ನು ತಾನೇ ಬಿಚ್ಚಿ ಇಟ್ಟಿದ್ದಾಳಂತೆ. ಎಷ್ಟು ದಿನ ಹಿಡಿದಿಡುವುದು, ಇನ್ನು ಅವರನ್ನು ಬಿಟ್ಟುಕೊಡಬೇಕು. ನೀವೂ ಆ ಕಡೆ ತೆಗೆದುಬಿಡಿ ಎಂದಳು. ದನಿ ಹಗುರಾಗಿತ್ತು. ಪದ್ಮಜಾಳ ಎದೆಯ ಭಾರವೂ ಇಳಿದಂತಾಯಿತು.

ತೆಗೆಯುವ ಮುನ್ನ ಒಮ್ಮೆ ನೋಡೋಣವೆಂದು ಚನ್ನೇಶನ ಪ್ರೋಗ್ರಾಂ ಏನು ಮಾಡುತ್ತಿದೆಯೆಂಬುದನ್ನು ಪರದೆಯ ಮೇಲೆ ತರಿಸಿದಳು. ಕೂಗು ಬರುತ್ತಿತ್ತು. ಸವಣೂರಿನ ಗಿರಣಿಯ ಲೈನಿನಿಂದಲೇ, ಅದೇ ಡಬ್ಬಿಯ ಗುರುತಿನಿಂದಲೇ. ಪ್ರತಿ ಕೂಗಿಗೂ ಉತ್ತರ ಹೋಗುತ್ತಿತ್ತು.

ಅವಳು ಮತ್ತೆ ಫೋನ್ ಮಾಡಿ, ಡಬ್ಬಿಗೆ ಕರೆಂಟ್ ಇದೆಯೇ ನೋಡಿ ಎಂದಳು. ಡಬ್ಬಿ ನನ್ನ ಕೈಯಲ್ಲೇ ಇದೆ, ವೈರನ್ನು ಅದಕ್ಕೇ ಸುತ್ತಿದ್ದೇನೆ ಎಂದಳು ಶ್ವೇತಾ. ಅಂಥದು ಇನ್ನೊಂದು ಇತ್ತೇ ಎಂದರೆ ಇಲ್ಲ, ಇದೊಂದೇ. ಪದ್ಮಜಾ ಲೈನನ್ನು ತಪಾಸಣೆ ಮಾಡಿದಳು, ಯಂತ್ರವನ್ನು ಬಂದ್ ಮಾಡಿ ಮತ್ತೆ ಹಚ್ಚಿದಳು. ಕೂಗು ನಿಲ್ಲಲಿಲ್ಲ.

"ಯಾಕ್ರಿ ಮೇಡಂ, ಏನಾತು?" ಆ ಕಡೆಯಿಂದ ಶ್ವೇತಾ ಕೇಳಿದಳು.

ಸುಳ್ಳು ಹೇಳಲು ಪದ್ಮಜಾಳಿಗೆ ಬಾಯಿ ಬರಲಿಲ್ಲ. "ನಿಮ್ಮ ಗಿರಣಿಯಿಂದ ಇನ್ನೂ ಕೂಗು ಬರ್ಲಿಕತ್ತದರಿ. ಯಾರು ಕೂಗ್ಲಿಕತ್ತಾರೋ ನನಗ ತಿಳೀವಲ್ದು."

ಶ್ವೇತಾ ಒಂದೇ ಮಾತು ಕೇಳಿದಳು. "ಅವರು ಓ ಅನ್ನಾಕತ್ತಾರೇನ್ರಿ?"

"ಅನ್ಲಿಕತ್ತಾರ್ರಿ."

"ಹಂಗಾರ ಇರ್ಲಿ ಬಿಡ್ರಿ. ತಗೀಬ್ಯಾಡ್ರಿ."

ಪದ್ಮಜಾ ತೆಗೆಯಲಿಲ್ಲ. ಬಸವೇಶ ಕೇಳಿದಾಗ, ಇದ್ದರೆ ಏನೂ ತೊಂದರೆಯಿಲ್ಲ ಎಂದಷ್ಟೇ ಹೇಳಿದಳು. ಆಮೇಲೆ ಆ ಪೋರ್ಟಿನಲ್ಲಿ ಇನ್ನೂ ಕೆಲವು ಪ್ರೋಗ್ರಾಂ ಸೇರಿದವು. ಯಾವುದನ್ನು ತಂದರೂ ಅವಳು ಚನ್ನೇಶನದರ ಹಿಂದೆಯೇ ನಿಲ್ಲಿಸುತ್ತಾಳೆ, ಅದು ಏನು ಮಾಡುತ್ತಿದೆಯೆಂದು ಮಾತ್ರ ತೆರೆದು ನೋಡುವುದಿಲ್ಲ.