ಕಿವಿಯಿಂದ ಕ್ಯಾಮೆರಾಕ್ಕೆ

ಪೀಣ್ಯದಲ್ಲಿ ತಗಡು ಒತ್ತುವ ವೆಂಕಟೇಶಪ್ಪನವರ ಪ್ರೆಸ್ ಶಾಪಿನ ಆಫೀಸು ಗೋಡೆಯ ಮೇಲೆ ಆಯುಧಪೂಜೆಯ ಗ್ರೂಪ್ ಫೋಟೋಗಳು ವರ್ಷಕ್ಕೊಂದರಂತೆ ಸಾಲಾಗಿ ತೂಗುತ್ತಿದ್ದವು. ಎಲ್ಲದರಲ್ಲೂ ಜನ ಸ್ಪಷ್ಟ, ಮಿಷಿನ್ನುಗಳ ಹೂವು ಸ್ಪಷ್ಟ, ಯಜಮಾನರ ಹೊಟ್ಟೆ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಸ್ಪಷ್ಟ. ಹೋದ ವರ್ಷದ್ದು ಮಾತ್ರ ಮಸಿ. ಕತ್ತಲೆಯೊಳಗಿಂದ ಒಂದಷ್ಟು ಹಲ್ಲುಗಳು ನಗುತ್ತಿದ್ದವು. ಬಂದ ಗಿರಾಕಿಗಳು "ಏನ್ ಸಾರ್, ಕರೆಂಟ್ ಹೋದಾಗ ತೆಗ್ಸಿದ್ರಾ?" ಎಂದು ಕೇಳಿ ಕೇಳಿ ಯಜಮಾನರಿಗೆ ರೋಸಿಹೋಗಿತ್ತು.

"ನೋಡಪ್ಪ ಭಾನು, ಈ ಸಲ ಕೊನೇ ಚಾನ್ಸು. ಇದೂ ಹಂಗೇ ಬಂದ್ರೆ ನಿನ್ನ ರೀಲ್ ಡಬ್ಬಾ ಮನೇಲಿಡು. ಮುಂದಿನ ವರ್ಷದಿಂದ ಲೋಕೇಶನ ಡಿಜಿಟಲ್ ಇದೆ."

ಟೂಲ್ ರೂಮಿನ ಭಾನುಪ್ರಕಾಶ ತಲೆಯಾಡಿಸಿದ್ದ. ಆ ಗೋಡೆಯ ಮೇಲೆ ಅವನ ಮುಖ ಒಂದು ಫೋಟೋದಲ್ಲೂ ಇಲ್ಲ. ಆದರೆ ಗೋಡೆ ಅವನದೇ ಎಂದು ಅವನ ನಂಬಿಕೆ. ಅದನ್ನು ಲೋಕೇಶನಿಗೆ, ಅಂದರೆ ಕ್ರೇನ್ ಓಡಿಸುವ, ಕಂಡವರ ಕಾಲೆಳೆಯುವ ಲೋಕೇಶನಿಗೆ ಬಿಟ್ಟುಕೊಡುವುದೆಂದರೆ ಬಾಡಿಗೆ ಮನೆ ಖಾಲಿ ಮಾಡಿದಷ್ಟು ಸುಲಭವಲ್ಲ.

ತಪ್ಪು ಕ್ಯಾಮೆರಾದ್ದಲ್ಲ, ಸೆಲ್ಲಿನದು. ಬೆಳಕು ಅಳೆಯುವ ಅದರ ಮೀಟರಿಗೆ ಪಾದರಸದ ಗುಂಡಿ ಸೆಲ್ಲೇ ಆಗಬೇಕು. ಪಾದರಸ ವಿಷವೆಂದು ಕಂಪನಿಗಳು ಅದನ್ನು ಮಾಡುವುದನ್ನೇ ನಿಲ್ಲಿಸಿದವು. ಮಲ್ಲೇಶ್ವರದ ಹಳೇ ಸ್ಟುಡಿಯೋದವನ ಡ್ರಾಯರಿನಲ್ಲಿದ್ದ ಕೊನೆಯದೂ ಮುಗಿದ ಮೇಲೆ ಭಾನುಪ್ರಕಾಶ ಅದೇ ಅಳತೆಯ ಮಾಮೂಲಿ ಸೆಲ್ಲು ಹಾಕಿದ. ಅದರ ಕಸುವು ಒಂದು ಚೂರು ಜಾಸ್ತಿ. ಮೀಟರಿನ ಮುಳ್ಳು ಇಲ್ಲದ ಬೆಳಕನ್ನೂ ಇದೆಯೆಂದು ತೋರಿಸಿತು, ಇವನು ನಂಬಿ ಲೆನ್ಸು ಕಿರಿದು ಮಾಡಿದ, ಗೋಡೆಗೆ ಮಸಿ ಬಿತ್ತು.

ಈ ಸಲದ ಉಪಾಯ ಕ್ಯಾಂಟೀನಿನಲ್ಲಿ ಸಿಕ್ಕಿತ್ತು. ದೊಡ್ಡ ಪ್ರೆಸ್ಸಿನ ಚಿನ್ನಪ್ಪ ಕಿವಿಯ ಮಿಷಿನ್ ಬಿಚ್ಚಿ ಸೆಲ್ಲು ಬದಲಾಯಿಸುತ್ತಿದ್ದ. ಆ ಪ್ರೆಸ್ಸಿನ ಪಕ್ಕ ಆಯಸ್ಸು ಕಳೆದವನಿಗೆ ಕಿವಿ ಉಳಿಯುವುದುಂಟೆ? ಸೆಲ್ಲು ನೋಡಿದ ಭಾನುಪ್ರಕಾಶನ ಕಣ್ಣರಳಿತು. ಕಸುವು ಹೆಚ್ಚುಕಡಿಮೆ ಪಾದರಸದ್ದೇ, ಗಾತ್ರ ಮಾತ್ರ ಸ್ವಲ್ಪ ಸಣ್ಣದು. ತಾನೂ ಒಂದನ್ನು ಕೊಂಡು, ಲೇತಿನ ಮೇಲೆ ತೆಳ್ಳನೆಯ ಹಿತ್ತಾಳೆ ಬಳೆ ಕಡೆದು, ಅದರೊಳಗೆ ಸೆಲ್ಲು ಕೂರಿಸಿದ. ಸೆಲ್ಲಿನ ಬೆನ್ನಿಗಿದ್ದ ಸ್ಟಿಕರ್ ಕಿತ್ತೊಡನೆ ಮುಳ್ಳು ಎದ್ದು ನಿಂತಿತು. ಇದು ವರಮಹಾಲಕ್ಷ್ಮಿ ಹಬ್ಬದ ಸುಮಾರಿನ ಮಾತು. ಪಾದರಸದ ಸೆಲ್ಲು ಒಮ್ಮೆ ಹಾಕಿದರೆ ವರ್ಷಗಟ್ಟಲೆ ಮರೆತುಬಿಡಬಹುದಿತ್ತು. ಅದೇ ಅಭ್ಯಾಸದಲ್ಲಿ ಇವನೂ ಮರೆತ.

ಆಯುಧಪೂಜೆಯ ಬೆಳಿಗ್ಗೆ ಕ್ಯಾಮೆರಾ ತೆಗೆದರೆ ಮುಳ್ಳು ಮಲಗಿದೆ. ತಟ್ಟಿದರೂ ಏಳಲಿಲ್ಲ.

ಶೆಡ್ಡಿನ ತುಂಬ ಬಾಳೆಕಂದು, ಚೆಂಡುಹೂವು, ಊದುಬತ್ತಿಯ ಹೊಗೆ. ಪುರೋಹಿತರು ರಾಹುಕಾಲ ರಾಹುಕಾಲ ಎಂದು ಅವಸರಪಡಿಸುತ್ತಿದ್ದರು. ಹೊರಗೆ ಅಂಗಡಿಗಳೆಲ್ಲ ಬಂದ್. ಭಾನುಪ್ರಕಾಶ ಚಿನ್ನಪ್ಪನನ್ನು ಬಾಳೆಕಂದಿನ ಮರೆಗೆ ಎಳೆದುಕೊಂಡು ಹೋದ.

"ಅಣ್ಣ, ಸ್ಟಿಕರ್ ಕಿತ್ತು ತಿಂಗಳುಗಳೇ ಆಯ್ತು. ಸತ್ತೋಯ್ತು."

"ಅಯ್ಯೋ ಮಂಕೆ, ಕಿತ್ತ ಮ್ಯಾಕೆ ಅದು ಉಸಿರಾಡ್ತಾ ಒಣಗೋಯ್ತದೆ ಕಣೋ. ನಾನು ಹದಿನೈದು ದಿನಕ್ಕೊಂದು ಹಾಕ್ತೀನಿ. ನನ್ನ ಕೇಳಬಾರ್ದಾ?"

"ಬೇರೆ ಇದೆಯಾ?"

"ಚಿಕ್ಕಬಾಣಾವರದಾಗೈತೆ, ಮನೇಲಿ." ಅವನು ಕಿವಿಯಿಂದ ಮಿಷಿನ್ ಬಿಚ್ಚಿ ಸೆಲ್ಲು ತೆಗೆದ. "ತಗೋ, ಇದನ್ನೇ ತಗೋ. ಇವತ್ತು ಮಿಷಿನ್‌ಗಳೇ ಬಾಯಿ ಮುಚ್ಕೊಂಡವೆ, ಕೇಳೋಕೇನೈತೆ? ಐನೋರ ಮಂತ್ರ ತಾನೆ. ಅದು ಕಿವಿ ಇದ್ದಾಗ್ಲೂ ತಿಳಿಯಾಕಿಲ್ಲ. ಯಾರ್ಗೂ ಹೇಳಬ್ಯಾಡ, ನಗ್ತಾರೆ."

ದೊಡ್ಡ ಪ್ರೆಸ್ಸು ಪೂರ್ತಿ ಕಾಣಬೇಕೆಂಬುದು ಯಜಮಾನರ ಆಸೆಯಾಗಿದ್ದರಿಂದ ಭಾನುಪ್ರಕಾಶ ಪ್ರತಿವರ್ಷದಂತೆ ಟೂಲ್ ರೂಮಿನ ಮೇಲಿನ ಅಟ್ಟಕ್ಕೆ ಕಬ್ಬಿಣದ ಏಣಿ ಹತ್ತಿದ. ಸ್ಟ್ಯಾಂಡಿಗೆ ಕ್ಯಾಮೆರಾ ಬಿಗಿದು, ಬಳೆಯೊಳಗೆ ಚಿನ್ನಪ್ಪನ ಸೆಲ್ಲು ಕೂರಿಸಿದ. ಮುಳ್ಳು ಎದ್ದಿತು. ಬೆಳಕು ನೋಡಿ, ಲೆನ್ಸು ತಿರುಗಿಸಿ, ಮುಳ್ಳನ್ನು ನಟ್ಟನಡುವೆ ತಂದು ನಿಲ್ಲಿಸಿದ. ಸೆಲ್ಲನ್ನು ಅಲ್ಲೇ ಇರಗೊಟ್ಟ. ಬೆಳಕು ಬದಲಾದರೆ ಮತ್ತೆ ನೋಡಬೇಕಾದೀತು.

"ಎಲ್ಲಾ ಪ್ರೆಸ್ ಮುಂದೆ ನಿಂತ್ಕೊಳ್ಳಿ! ಅಲ್ಲಾಡ್ಬೇಡಿ!" ಎಂದು ಕೂಗುತ್ತ ಎರಡೂ ಕೈ ಬೀಸಿ, ಕದಲದಂತೆ ಅಂಗೈ ತೋರಿಸಿದ. ಮಂದಿ ಸಾಲು ಕಟ್ಟಿದರು. ಚಿನ್ನಪ್ಪ ಹಿಂದಿನ ಸಾಲಿನ ತುದಿಯಲ್ಲಿ, ತನ್ನ ಪ್ರೆಸ್ಸಿನ ಮಗ್ಗುಲಿಗೆ ಅಂಟಿದಂತೆ, ಮಿಲಿಟರಿಯವನ ಹಾಗೆ ಸೆಟೆದು ನಿಂತ.

"ಗುರು, ಈ ಸಲ ಹಲ್ಲಿನ ಜೊತೆ ಮೂಗೂ ಬರ್ಲಿ!" ಎಂದು ಶೆಡ್ಡಿನ ಆ ತುದಿಯಿಂದ ಲೋಕೇಶ ಕೂಗಿದ. ಎಲ್ಲರೂ ನಕ್ಕರು, ಚಿನ್ನಪ್ಪನೊಬ್ಬನ ಹೊರತು.

ಅಷ್ಟರಲ್ಲಿ ಪುರೋಹಿತರು ಯಜಮಾನರ ಕಿವಿಯಲ್ಲಿ ಏನೋ ಹೇಳಿದರು. "ಫೋಟೋ ಆಮೇಲೆ! ಮೊದ್ಲು ಹೊಸ ಡೈ ಪ್ರೆಸ್‌ಗೆ ಬರ್ಲಿ. ಟೈಮ್ ಮೀರ್ತಿದೆ. ಎಲ್ಲಾ ದಾರಿ ಬಿಡಿ!" ಎಂದರು ಯಜಮಾನರು.

ಜಾಗಟೆ ಮೊಳಗತೊಡಗಿತು. ಮೇಲೆ ಕ್ರೇನಿನ ಗಂಟೆ ಹೊಡೆದುಕೊಂಡಿತು. ಸಾಲು ಚದುರಿ ಜನ ಗೋಡೆಬದಿಗೆ, ಆರತಿಯ ಕಡೆಗೆ ಸರಿದರು. ತಗಡಿಗೆ ರೂಪ ಕೊಡುವ ಅಚ್ಚು, ಬೀರುವಿನಷ್ಟು ದೊಡ್ಡ ಉಕ್ಕಿನ ಡೈ, ಮೈತುಂಬ ಚೆಂಡುಹೂವಿನ ಹಾರ ಹೊದ್ದು, ಸರಪಳಿಯಲ್ಲಿ ತೂಗುತ್ತ, ಎದೆಯೆತ್ತರದಲ್ಲಿ ಪ್ರೆಸ್ಸಿನ ಮಗ್ಗುಲಿನ ನಡುದಾರಿಗೆ ಹೊರಟಿತು. ಅದರ ಹಿಂದೆ, ಕ್ರೇನಿನಿಂದ ಇಳಿಬಿಟ್ಟ ಸ್ವಿಚ್ಚು ಹಿಡಿದು ನಡೆಯುವ ಲೋಕೇಶ. ಅವನಿಗೆ ಕಾಣುತ್ತಿದ್ದುದು ಹೂವು ಮಾತ್ರ. ಬೇರೆ ದಿನಗಳಲ್ಲಿ ಮುಂದೆ ನಡೆದು ದಾರಿ ಬಿಡಿಸುವವನು ಇವತ್ತು ಆರತಿ ತಟ್ಟೆ ಹಿಡಿದಿದ್ದ. ಗಂಟೆ ಕೇಳಿಸಿದರೆ ಯಾರಾದರೂ ಸರಿಯುತ್ತಾರೆ, ಅದಕ್ಕೇ ಅಲ್ಲವೆ ಗಂಟೆ?

ಅಟ್ಟದ ಮೇಲಿನಿಂದ ಭಾನುಪ್ರಕಾಶ ನೋಡಿದ. ಚದುರಿದ ಸಾಲಿನಲ್ಲಿ ಒಬ್ಬ ಮಾತ್ರ ಅಲ್ಲಾಡದೆ ನಿಂತಿದ್ದ. ಹೊಗೆಯ ನಡುವೆ, ಡೈಗೆ ಬೆನ್ನು ಮಾಡಿ, ಲೆನ್ಸನ್ನೇ ದಿಟ್ಟಿಸುತ್ತ, ಅಕ್ಕಪಕ್ಕದವರು ಹೋದದ್ದರ ಪರಿವೆಯೇ ಇಲ್ಲದೆ ಚಿನ್ನಪ್ಪ ಉಸಿರು ಬಿಗಿಹಿಡಿದಿದ್ದ. ಅಲ್ಲಾಡಬೇಡಿ ಎಂದು ಅಂಗೈ ತೋರಿಸಿದ್ದನಲ್ಲ.

"ಚಿನ್ನಪ್ಪಣ್ಣಾ!"

ಕೂಗಿದ ಮೇಲೆ ನೆನಪಾಯಿತು, ಅವನ ಕಿವಿ ಇಲ್ಲಿ ತನ್ನ ಕೈಯ ಕೆಳಗೆ, ಕ್ಯಾಮೆರಾದ ಹೊಟ್ಟೆಯಲ್ಲಿದೆ.

"ಲೋಕೇಶಾ, ನಿಲ್ಸೋ!" ಜಾಗಟೆ ಆ ಮಾತನ್ನು ನುಂಗಿತು. ಕೆಳಗೆ ಯಾರೋ ಇವನತ್ತ ಕೈಬೀಸಿ ಹಲ್ಲುಕಿರಿದರು. ಏಣಿ ಇಳಿಯುವಷ್ಟರಲ್ಲಿ ಆಗುವುದು ಆಗಿಹೋಗುತ್ತದೆ. ಗಾಬರಿಯ ಮುಖ ತೋರಿಸಿದರೆ ಚಿನ್ನಪ್ಪ ಏನೆಂದು ಹಿಂದೆ ತಿರುಗಿ ನೋಡುತ್ತಾನೆ, ಡೈ ನೇರ ಮುಖಕ್ಕೆ. ಪ್ರೆಸ್ಸಿನ ಕಡೆ ಸರಿದರೆ ಎರಡು ಉಕ್ಕಿನ ನಡುವೆ ಸಿಕ್ಕುತ್ತಾನೆ.

ಭಾನುಪ್ರಕಾಶ ನಕ್ಕ. ಮದುವೆಮನೆಯ ಫೋಟೋಗ್ರಾಫರನ ನಗು. ಒಂದು ಕಣ್ಣು ಕ್ಯಾಮೆರಾಕ್ಕಿಟ್ಟು, ಕೈಯನ್ನು ನಿಧಾನವಾಗಿ ಪ್ರೆಸ್ಸಿನಿಂದ ಆಚೆಗೆ ಬೀಸಿದ. ಸ್ವಲ್ಪ ಆ ಕಡೆ.

ಚಿನ್ನಪ್ಪ ಸರಿದ. ನಾಲ್ಕು ಬೆರಳಿನಷ್ಟು.

ಹಾರದ ತುದಿ ಅವನ ಹಿಂದಿನ ಕಂಬವನ್ನು ದಾಟಿತು. ಭಾನುಪ್ರಕಾಶ ಮತ್ತೆ ಕೈ ಬೀಸಿದ. ಇನ್ನೂ. ಚಿನ್ನಪ್ಪ ಮತ್ತೊಂದು ಗೇಣು ಸರಿದು, ಅಲ್ಲೇ ನಿಂತು, ಫೋಟೋಗೆಂದು ಕಾಲರ್ ಸರಿಮಾಡಿಕೊಳ್ಳತೊಡಗಿದ. ಭಾನುಪ್ರಕಾಶನ ನಗು ಮುಖಕ್ಕೆ ಮೊಳೆ ಹೊಡೆದಂತೆ ನಿಂತಿತ್ತು. ಇನ್ನೂ ಅಣ್ಣ, ಇನ್ನೂ. ಈಗ ಇಡೀ ತೋಳು ಬೀಸಿದ, ಹೊಲದಿಂದ ದನ ಓಡಿಸುವವನ ಹಾಗೆ. ಇವನಿಗೇನು ಬಂತು ಎಂಬಂತೆ ಚಿನ್ನಪ್ಪನ ಹುಬ್ಬು ಗಂಟಿಕ್ಕಿತು. ಆದರೂ ಫೋಟೋದವನ ಮಾತು ಮೀರಬಾರದೆಂದು ಒಂದು ದೊಡ್ಡ ಹೆಜ್ಜೆ ಇಟ್ಟ.

ಅವನ ಪಕ್ಕದಿಂದ ಡೈ ತೂಗುತ್ತ ಹೋಯಿತು. ಹಾರ ಭುಜ ಸವರಿತು. ಯಾರೋ ಮಾಲೆ ಹಾಕಲು ಬಂದರೆಂದು ಚಿನ್ನಪ್ಪ ಅರ್ಧ ಕೈ ಮುಗಿದು, ಪಕ್ಕಕ್ಕೆ ನೋಡಿದ. ನೋಡುತ್ತಲೇ ನಿಂತ.

ಡೈ ದಾಟಿದ ಮೇಲೆ ಲೋಕೇಶನಿಗೆ ಅವನು ಕಂಡ. ಸ್ವಿಚ್ಚಿನಿಂದ ಕೈ ತಾನಾಗಿ ಎದ್ದಿತು. ಕ್ರೇನು ನಿಂತಿತು. ಜಾಗಟೆ ಮಾತ್ರ ಇನ್ನೂ ಮೊಳಗುತ್ತಿತ್ತು.

ಭಾನುಪ್ರಕಾಶ ಕ್ಯಾಮೆರಾದ ತಳ ಬಿಚ್ಚಿ ಸೆಲ್ಲು ತೆಗೆದುಕೊಂಡು ಏಣಿ ಇಳಿದ. ಅವಸರಕ್ಕೆ ಎರಡು ಕಡೆ ಮೊಣಕಾಲು ಬಡಿಯಿತು. ಕೆಳಗೆ ಲೋಕೇಶ ಕಾದಿದ್ದ.

"ಗಂಟೆ ಹೊಡೀತಾನೇ ಇದ್ದೆ ಮಗಾ. ಅವರಿಗೆ ಕೇಳಿಸ್ಲಿಲ್ವಾ?"

ಭಾನುಪ್ರಕಾಶ ಅಂಗೈ ಬಿಚ್ಚಿ ತೋರಿಸಿದ. ಲೋಕೇಶ ಸೆಲ್ಲನ್ನೂ, ಮೇಲಿನ ಕ್ಯಾಮೆರಾವನ್ನೂ ನೋಡಿದ.

"ಅದಿಲ್ದೆ ಈಗ ಫೋಟೋ ಹೆಂಗೆ ತೆಗಿತೀಯಾ?"

ಹೇಗೆ? ಲೆನ್ಸು ಆಗಲೇ ತಿರುಗಿಸಿಯಾಗಿತ್ತು. ಬೆಳಕು ಅಳೆದು ಮುಗಿದ ಮೇಲೆ ಕ್ಯಾಮೆರಾಕ್ಕೆ ಸೆಲ್ಲು ಬೇಕಿಲ್ಲ. ಗುಂಡಿ ಒತ್ತಿದರೆ ಬರೀ ಸ್ಪ್ರಿಂಗಿನ ಕೆಲಸ. ಮುಳ್ಳು ನಡುವೆ ನಿಂತ ಕೂಡಲೆ ಇಳಿದು ಬಂದು ಕೊಟ್ಟುಬಿಡಬಹುದಿತ್ತು. ಇರಲಿ ಎಂದು ಇಟ್ಟುಕೊಂಡಿದ್ದು ತಾನೇ. ಭಾನುಪ್ರಕಾಶ ಹೋಗಿ ಸೆಲ್ಲನ್ನು ಚಿನ್ನಪ್ಪನ ಅಂಗೈಗಿಟ್ಟ.

ಚಿನ್ನಪ್ಪ ಸೆಲ್ಲು ಹಾಕಿಕೊಂಡ. ಕಿವಿಯ ಮಿಷಿನ್ ಕುಯ್ ಎಂದಿತು. "ಏನೋ, ಅಷ್ಟೊಂದು ಸರಿಸ್ದೆ! ನಗ್ತಾ ಇದ್ದೋನು ಆಮ್ಯಾಕೆ ದೆವ್ವ ಹಿಡಿದೋನಂಗೆ ಕೈ ಬೀಸ್ತಿದ್ದೆ." ಭುಜದ ಮೇಲಿನ ಎಸಳು ತೆಗೆದು ನೋಡಿದ. ತಗ್ಗಿದ ದನಿಯಲ್ಲಿ ಕೇಳಿದ. "ನಾನು ನಿಂತಿದ್ನಲ್ಲ ಪ್ರೆಸ್ ಮಗ್ಗುಲಾಗೆ, ಅಲ್ಲೇನಾ ಅದು ಹೋಗಿದ್ದು?"

"ಅಲ್ಲೇ ಅಣ್ಣ."

ಚಿನ್ನಪ್ಪ ಮಿಷಿನ್ನನ್ನು ಬೆರಳಿನಿಂದ ಕಿವಿಗೆ ಒತ್ತಿಕೊಂಡ. "ಮುಂದಿನ ಸಲ ನಿನ್ನ ಸೆಲ್ಲು ನೀನೇ ತಂದ್ಕೋ."

ಡೈ ಕೂತ ಮೇಲೆ ಫೋಟೋ ಆಯಿತು. ಎಲ್ಲರ ಮುಖವೂ ಬಂದಿತ್ತು, ಲೋಕೇಶನ ಮೂಗೂ ಬಂದಿತ್ತು. ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ ದಿನ ಯಜಮಾನರು ಕನ್ನಡಕ ಏರಿಸಿ ನೋಡಿದರು.

"ಎಲ್ಲಾ ಸರಿ. ಈ ಚಿನ್ನಪ್ಪ ಯಾಕಯ್ಯ ಕರೀದೆ ಬಂದ ನೆಂಟನ ಥರ ಅಷ್ಟು ದೂರ ನಿಂತಿದ್ದಾನೆ? ಹತ್ರ ಕರೀಬಾರ್ದಾಗಿತ್ತಾ?"

"ಕರೆದೆ ಸಾರ್. ಬರ್ಲಿಲ್ಲ."

ಅದು ನಿಜ. ಕಿವಿ ಸರಿಯಾಗಿ ಕೇಳಿಸುತ್ತಿದ್ದರೂ, ಎಷ್ಟು ಕರೆದರೂ, ಚಿನ್ನಪ್ಪ ಅವತ್ತು ತಾನು ಸರಿದು ನಿಂತಿದ್ದ ಆ ಜಾಗ ಬಿಟ್ಟು ಅಲ್ಲಾಡಿರಲಿಲ್ಲ.